ಹುರುಳಿಕಾಳು ಮತ್ತು ನನ್ನ ಎಡಗಾಲಿನ ಸಾಕ್ಸು

ಹಳೆಯ ಬಟ್ಟೆ ಕಂಡರೆ ಕೆಲವರಿಗೆ ಬಿಸಾಡುವ ಮನಸ್ಸಾಗುತ್ತದೆ, ಕೆಲವರಿಗೆ ಯಾರಿಗಾದರೂ ಕೊಟ್ಟುಬಿಡುವ ಮನಸ್ಸಾಗುತ್ತದೆ. ನನಗೆ ಮಾತ್ರ ಕತ್ತರಿ ಹುಡುಕುವ ಮನಸ್ಸಾಗುತ್ತದೆ. ಇದನ್ನು ದೊಡ್ಡ ಗುಣವೆಂದು ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದವನು ನಾನು. ಈಗ ಅದೇ ಗುಣದ ಬಗ್ಗೆ ತಲೆ ತಗ್ಗಿಸಿ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ನನ್ನ ಬನಿಯನ್ನಿಗೆ ತೂತು ಬಿತ್ತೆಂದರೆ ಅದಕ್ಕೆ ನಿವೃತ್ತಿಯಾಯಿತು ಎಂದಲ್ಲ, ವರ್ಗಾವಣೆಯಾಯಿತು ಎಂದು ಅರ್ಥ. ಮೊದಲು ಅದು ಮಲಗುವಾಗ ಹಾಕಿಕೊಳ್ಳುವ ಬನಿಯನ್ನಾಗುತ್ತಿತ್ತು. ಆಮೇಲೆ ಅದರ ಒಂದು ತುಂಡು ನಲ್ಲಿಯ ಬಾಯಿಗೆ ಹೋಗಿ ಮಣ್ಣು ಸೋಸುತ್ತಿತ್ತು, ಇನ್ನೊಂದು ನೆಲ ಒರೆಸುತ್ತಿತ್ತು, ಉಳಿದ ಚೂರು ಸೈಕಲ್ಲಿನ ಚೈನಿಗೆ ಎಣ್ಣೆ ಹಚ್ಚುತ್ತಿತ್ತು. ಒಮ್ಮೆ ನನ್ನ ಹೆಂಡತಿಯ ಅಣ್ಣ ಊಟ ಮಾಡಿ ಕೈ ತೊಳೆದು, ಗೂಟಕ್ಕೆ ತೂಗುಹಾಕಿದ್ದ ಬಟ್ಟೆಯಿಂದ ಬಾಯಿ ಒರೆಸಿಕೊಂಡ ಮೇಲೆ ಅದಕ್ಕೆ ತೋಳಿರುವುದನ್ನು ನೋಡಿದರು. ಮರುದಿನದ ರೈಲಿಗೇ ಹೊರಟುಹೋದರು. ಅವರಿಗೆ ಊರಲ್ಲಿ ಏನೋ ಕೆಲಸವಿತ್ತೆಂದು ನಾನು ಇಂದಿಗೂ ನಂಬಿಕೊಂಡಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಗದಗದ ಕಡೆಯವನು. ಯಶವಂತಪುರದ ಹತ್ತಿರ ಒಂದು ಕಾರ್ಖಾನೆಯಲ್ಲಿ ಕೆಲಸ, ಗೊರಗುಂಟೆಪಾಳ್ಯದಲ್ಲಿ ಬಾಡಿಗೆ ಮನೆ. ಮನೆಯ ಹಿಂದೆ ಇನ್ನೂ ರಾಗಿ ಹೊಲವಿತ್ತು. ಮುಂದಿನ ಮನೆಯಲ್ಲಿ ಮಾಲೀಕರಾದ ಕೆಂಪಮ್ಮ ಇದ್ದರು. ಆ ಊರಿನ ಹಳೆಯ ಮನೆತನ, ಮಾತು ಒರಟು, ಮನಸ್ಸು ಬೆಣ್ಣೆ. ನಾವು ಏನು ಮಾಡಿದರೂ ಅವರು ಆಕ್ಷೇಪಿಸುತ್ತಿರಲಿಲ್ಲ. ನನ್ನ ಹೆಂಡತಿ ಶಾರದಾ ಬೆಳಿಗ್ಗೆ ಎದ್ದು ಟಪಟಪನೆ ರೊಟ್ಟಿ ಬಡಿದರೆ ಬೇರೆಯವರಿಗೆ ತಲೆನೋವು, ಕೆಂಪಮ್ಮನವರಿಗೆ ಮಾತ್ರ ‘ಅವ್ರ ಕಡೆ ಅಂಗೇ’. ಈ ಒಂದು ಮಾತಿನ ನೆರಳಿನಲ್ಲಿ ನಾವು ಸುಖವಾಗಿದ್ದೆವು.

ಕಾರ್ಖಾನೆಯಲ್ಲಿ ಬೂಟಿನ ಜೊತೆ ಬಿಳಿ ಹತ್ತಿಯ ಸಾಕ್ಸು ಕೊಡುತ್ತಿದ್ದರು, ಬಾಯಿಯ ಬಳಿ ಎರಡು ನೀಲಿ ಗೆರೆ. ಬೂಟಿನೊಳಗೆ ಹೋಗುವ ಭಾಗ ಬೇಗ ಸವೆಯುತ್ತಿತ್ತು, ಮೇಲಿನ ಕೊಳವೆ ಮಾತ್ರ ಹೊಸದರಂತೆಯೇ ಉಳಿಯುತ್ತಿತ್ತು. ಅದನ್ನು ಎಸೆಯಬೇಕೆಂದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಅದೇ ಹೊತ್ತಿಗೆ ಶಾರದಾ, ಕಾಳು ಮೊಳಕೆ ಕಟ್ಟಲು ತೆಳು ಬಟ್ಟೆ ತನ್ನಿ ಎಂದು ಎರಡು ವಾರದಿಂದ ಹೇಳುತ್ತಿದ್ದಳು. ಒಂದು ಭಾನುವಾರ ಕುಳಿತು ಎಡಗಾಲಿನ ಸಾಕ್ಸನ್ನು ಹಿಮ್ಮಡಿಯಿಂದ ಕೆಳಗೆ ಕತ್ತರಿಸಿ, ಮೇಲಿನ ಭಾಗದ ತಳ ಹೊಲಿದು, ಸೋಡಾ ಹಾಕಿ ಮೂರು ಸಲ ಕುದಿಸಿ ಅವಳ ಮುಂದಿಟ್ಟೆ.

“ಕಾಲಾಗ ಹಾಕ್ಕೊಂಡಿದ್ದನ್ನ ಅಡಿಗಿಮನ್ಯಾಗ ತರತೀರೇನ್ರಿ?” ಎಂದಳು.

“ಮೂರು ಸಲ ಕುದಿಸೇನಿ. ಆಸ್ಪತ್ರ್ಯಾಗ ಸೂಜಿ ಸೈತ ಇಷ್ಟು ಕುದಸಂಗಿಲ್ಲ,” ಎಂದೆ.

ಒಂದು ವಾರ ಮಾತಿಗೆ ಮಾತು ಬೆಳೆದು, ಕೊನೆಗೆ ಯಾರಿಗೂ ಹೇಳಬಾರದು ಎಂಬ ಷರತ್ತಿನ ಮೇಲೆ ಒಪ್ಪಿದಳು. ಸಾಕ್ಸು ನನ್ನ ಮರ್ಯಾದೆ ಉಳಿಸಿತು. ಕಾಳು ಉಬ್ಬಿದಷ್ಟೂ ಅದು ಹಿಗ್ಗುತ್ತಿತ್ತು, ನೀರು ಇಳಿದುಹೋಗುತ್ತಿತ್ತು, ಗಾಳಿ ಆಡುತ್ತಿತ್ತು. ಎರಡನೆಯ ದಿನಕ್ಕೆ ಬೆರಳುದ್ದ ಮೊಳಕೆ. ಸಂತೋಷ ತಡೆಯಲಾರದೆ ಶಾರದಾ ಒಂದು ಬಟ್ಟಲು ಹೆಸರುಕಾಳಿನ ಉಸುಳಿಯನ್ನು ಕೆಂಪಮ್ಮನವರಿಗೆ ಕೊಟ್ಟು ಬಂದಳು. ಅಲ್ಲೇ ನಾವು ಕೆಟ್ಟೆವು.

ಸಂಜೆಯೇ ಕೆಂಪಮ್ಮ ಬಂದರು. “ಇದೇನ್ ಸ್ವಾಮಿ, ನಿಮ್ ಕಾಳು ಇಂಗೆ ಮೀಸೆ ಬಿಟ್ಟೈತೆ? ನಾನು ಬಟ್ಟೇಲಿ ಕಟ್ಟಿ ಮ್ಯಾಲೆ ಕಲ್ಲಿಟ್ರೂ ನಮ್ ಉಳ್ಳಿಕಾಳು ಕಣ್ಣೇ ಬಿಡಾಕಿಲ್ಲ,” ಎನ್ನುತ್ತ ಅಡುಗೆಮನೆಯ ಮೊಳೆಗೆ ತೂಗುತ್ತಿದ್ದುದನ್ನು ಕಂಡರು. “ಇದ್ಯಾವ ಸಂಚಿ?”

ಶಾರದಾ ನನ್ನ ಮುಖ ನೋಡಿದಳು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಆದರೆ ಅವರ ಮನೆಯವರೆಲ್ಲ ಚಪ್ಪರಿಸಿ ತಿಂದಾಗಿತ್ತು. “ಕಾಳು ಕಟ್ಟೋ ಸಂಚಿರೀ. ನಮ್ಮ ಕಡೆ ಸಿಗತಾವ,” ಎಂದುಬಿಟ್ಟೆ. ಪರಊರಿನವನು ಸುಳ್ಳು ಹೇಳುವುದು ಎಷ್ಟು ಸುಲಭ ನೋಡಿ, ಪರೀಕ್ಷಿಸಲು ಗದಗದವರೆಗೆ ಹೋಗುವವರು ಯಾರು? “ಅಂಗಾದ್ರೆ ಊರಿಗೋದಾಗ ನಂಗೂ ಒಂದು ತಗಂಡ್ ಬನ್ನಿ,” ಎಂದರು ಕೆಂಪಮ್ಮ.

ದೀಪಾವಳಿಗೆ ಊರಿಗೆ ಹೋಗಿ ಬಂದು ಬಲಗಾಲಿನದನ್ನು ಕೊಟ್ಟೆ. ಅದನ್ನೂ ಮೂರು ಸಲ ಕುದಿಸಿದ್ದೆ ಎಂಬುದೊಂದೇ ನನ್ನ ಸಮಾಧಾನ. ಅವರು ನನ್ನೆದುರಿಗೇ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಣ್ಣಿಗೊತ್ತಿಕೊಂಡು, ಮೊದಲ ಹಿಡಿ ಹುರುಳಿಯನ್ನು ದೇವರ ಮುಂದೆ ಇಟ್ಟೇ ತುಂಬಿದರು. ನನ್ನ ಬಲಗಾಲು ನೆಲದ ಮೇಲಿದ್ದಲ್ಲೇ ಸುಟ್ಟಂತಾಯಿತು. ಮನೆಗೆ ಬಂದರೆ ನಮ್ಮ ಬಾಗಿಲಲ್ಲಿ ಅವರು ಕಳಿಸಿದ್ದ ಒಂದು ಮಂಕರಿ ಅವರೆಕಾಯಿ ಬೇರೆ.

ವರುಷ ಕಳೆಯುವುದರೊಳಗೆ ಅವರ ಮಗಳ ಮದುವೆಯಾಯಿತು. ಅಳಿಯ ಮುನಿರಾಜು ಸಾಧು ಮನುಷ್ಯ. ಅವನಿಗೆ ನಮ್ಮ ಕಾರ್ಖಾನೆಯಲ್ಲೇ ಕೆಲಸ ಸಿಕ್ಕಿ, ಅತ್ತೆಯ ಮನೆಗೇ ಬಂದು ಇಳಿದುಕೊಂಡ. ಮೊದಲ ದಿನ ಬೆಳಿಗ್ಗೆ ಜಗಲಿಯಲ್ಲಿ ಕುಳಿತು ಹೊಸ ಬೂಟು ಹಾಕಿಕೊಳ್ಳುವಾಗ, ಕೆಂಪಮ್ಮ ಕಾಫಿ ತಂದವರು ನಿಂತಲ್ಲೇ ನಿಂತರು. ನಾನು ಇತ್ತ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದೆ.

“ಅಳಿಯಂದ್ರೇ, ಬೇಜಾರ್ ಮಾಡ್ಕೋಬ್ಯಾಡಿ. ಉಣ್ಣೋ ಕಾಳು ಕಟ್ಟೋ ಸಂಚೀನ ಕಾಲಿಗೆ ಆಕ್ಕಂಡ್ರೆ ಒಳ್ಳೇದಾಗಾಕಿಲ್ಲ.”

“ಇದು ಸಾಕ್ಸು ಅತ್ತೆ. ಕಂಪ್ನೀಲಿ ಬೂಟಿನ ಜೊತೆ ಕೊಡ್ತಾರೆ.”

“ತಿಳೀದೆ ಕೊಟ್ಟವ್ರೆ, ಪಾಪ,” ಎಂದು ಒಳಗೆ ಹೋಗಿ, ಕುಂಕುಮ ಹಚ್ಚಿದ ಸಂಚಿಯನ್ನು ತಂದು ಅವನ ಕಾಲಿನ ಪಕ್ಕ ಹಿಡಿದರು. ಅದೇ ಎರಡು ನೀಲಿ ಗೆರೆ. ಆಮೇಲೆ ನನ್ನ ಕಡೆ ತಿರುಗಿದರು. “ಸ್ವಾಮಿ, ನೀವೇ ಏಳಿ. ಇದು ನಿಮ್ ಕಡೆ ಕಾಳಿನ ಸಂಚಿ ತಾನೆ? ಇವ್ರು ಸುಳ್ಳಾಡಾಕಿಲ್ಲ ಅಳಿಯಂದ್ರೇ, ಕೇಳಿ ಬೇಕಾದ್ರೆ.”

ಮುನಿರಾಜು ನನ್ನನ್ನು ನೋಡಿದ. ಮುಖವನ್ನಲ್ಲ, ನನ್ನ ಪ್ಯಾಂಟಿನ ತುದಿಯನ್ನು. ನಾನು ಅದನ್ನು ಇನ್ನಷ್ಟು ಕೆಳಗೆ ಎಳೆದುಕೊಂಡು, “ಹೌದ್ರೀ,” ಎಂದೆ. ಸಾಲದ್ದಕ್ಕೆ, “ನಮ್ಮ ಕಡೆ ನೇಕಾರ್ರು ಇಂಥಾವ ನೇಯತಾರ,” ಎಂದೂ ಸೇರಿಸಿದೆ. ಅವನು ಸಾಕ್ಸು ಬಿಚ್ಚಿ ಮಡಿಸಿಟ್ಟು, ಬರಿಗಾಲನ್ನೇ ಬೂಟಿಗೆ ತುರುಕಿಕೊಂಡ. ಆ ದಿನ ನನಗೆ ಊಟ ಸೇರಲಿಲ್ಲ. ಹೊಸದಾಗಿ ಮನೆಗೆ ಬಂದ ಅಳಿಯನನ್ನು ಅತ್ತೆಯ ಎದುರು ಸುಳ್ಳುಗಾರನನ್ನಾಗಿ ಮಾಡಿದ್ದೆ, ಅದೂ ನನ್ನ ಹಳೆಯ ಸಾಕ್ಸಿನ ಗೌರವ ಕಾಪಾಡಲು. ವಿಷಯ ಕೇಳಿ ಶಾರದಾ ಬೈಯಲಿಲ್ಲ. ನಮ್ಮ ಮೊಳೆಯಲ್ಲಿದ್ದ ಸಂಚಿಯನ್ನು ಕಾಳಿನ ಸಮೇತ ಒಯ್ದು ಹಿತ್ತಲಿನ ತಿಪ್ಪೆಗೆ ಹಾಕಿ ಬಂದಳು. ಬೈದಿದ್ದರೆ ಚೆನ್ನಾಗಿತ್ತು.

ವಾರ ಕಳೆಯುವಷ್ಟರಲ್ಲಿ ಮುನಿರಾಜು ಕುಂಟುತ್ತಿದ್ದ. ಕ್ಯಾಂಟೀನಿನ ಸಾಲಿನಲ್ಲಿ ಅವನು ಹಿಮ್ಮಡಿ ಎತ್ತಿ ಎತ್ತಿ ಇಡುವುದನ್ನು ನೋಡಲಾರದೆ, ಭಾನುವಾರ ಎಲ್ಲ ಹೇಳಿಬಿಡುವುದೆಂದು ಕೆಂಪಮ್ಮನವರ ಮನೆಗೆ ಹೋದೆ. ಬಾಯಿ ತೆರೆಯುವಷ್ಟರಲ್ಲಿ ಅವರು ತಟ್ಟೆ ಹಾಕಿ, ಮುದ್ದೆಯ ಮೇಲೆ ಬಿಸಿ ಬಿಸಿ ಹುರುಳಿಕಾಳಿನ ಸಾರು ಬಿಟ್ಟರು. “ಎಲ್ಲಾ ನಿಮ್ ಸಂಚಿ ಪುಣ್ಯ ಸ್ವಾಮಿ, ಉಣ್ಣಿ,” ಎಂದರು. ಎದುರಿಗೆ ಮುನಿರಾಜು, ಹಿಮ್ಮಡಿಗೆ ಅರಿಶಿನದ ಪಟ್ಟಿ ಕಟ್ಟಿಕೊಂಡು, ನಾನು ನುಂಗುವುದನ್ನೇ ನೋಡುತ್ತಿದ್ದ. ಎರಡು ಮುದ್ದೆ ಉಂಡೆ. ಎದ್ದು ಕೈ ತೊಳೆದು, ಹೇಳಲು ಹೋದದ್ದನ್ನು ಹೇಳದೆಯೇ ಮನೆಗೆ ಬಂದೆ. ಸಾರು ಬಹಳ ಚೆನ್ನಾಗಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ.

ಮರುದಿನ ಕಾರ್ಖಾನೆಯ ಗೇಟಿನ ಬಳಿ ಮುನಿರಾಜು ನನಗಾಗಿ ಕಾದಿದ್ದ. ಪೇಪರಿನಲ್ಲಿ ಸುತ್ತಿದ್ದ ಒಂದು ಪೊಟ್ಟಣ ಕೈಯಲ್ಲಿತ್ತು.

“ಎರಡು ಜೊತೆ ಇದೆ ಸಾರ್. ಒಂದನ್ನ ಒಂದ್ಸಲ ಅಷ್ಟೇ ಹಾಕಿದ್ದು, ಇನ್ನೊಂದು ಹೊಸದೇ. ನಮ್ಮತ್ತೆ ಅಂತೂ ಹಾಕ್ಕೊಳ್ಳೋಕೆ ಬಿಡಲ್ಲ. ನಿಮ್ ಕಡೆ ಇದನ್ನ ಕಾಳು ಕಟ್ಟೋಕೆ ಬಳಸ್ತಾರಂತಲ್ಲ, ಇಟ್ಕೊಳ್ಳಿ,” ಎಂದ. ಅವನ ಮುಖದಲ್ಲಿ ನಗುವಿರಲಿಲ್ಲ, ಕೋಪವೂ ಇರಲಿಲ್ಲ.

ಕ್ಷಮೆ ಕೇಳಬೇಕಿತ್ತು. ಬೇಡಪ್ಪ, ಇವು ನಿನ್ನ ಕಾಲಿಗೇ ಇರಲಿ, ನಾನೇ ನಿಮ್ಮ ಅತ್ತೆಗೆ ಹೇಳುತ್ತೇನೆ ಎನ್ನಬೇಕಿತ್ತು. ನಾಚಿಕೆಯಿಂದ ನನ್ನ ತಲೆ ಪೂರ್ತಿ ತಗ್ಗಿತ್ತು, ನಿಜವಾಗಿಯೂ ತಗ್ಗಿತ್ತು. ಆದರೆ ಹೊಸ ಸಾಕ್ಸು, ಎರಡು ಜೊತೆ. ಕೈ ಮುಂದೆ ಹೋಗಿ ತೆಗೆದುಕೊಂಡಿತು.