ಗುಲಾಲ ನಮ್ಮದೇ

ನನ್ನ ಹೆಂಡತಿ ಜಿನಮತಿ ನನ್ನ ಜೊತೆ ಮಾತು ಬಿಟ್ಟಿದ್ದಳು ಎಂದು ಯಾರೂ ತಪ್ಪು ತಿಳಿಯಬಾರದು. ‘ಚಹಾ ಆರಾಕತ್ತೈತಿ’, ‘ಗ್ಯಾಸಿನಾಂವ ಬಂದಾನ’, ‘ಕಾಲ ಎತ್ರಿ, ಕಸ ಹೊಡೀಬೇಕು’ ಎಂದು ದಿನಕ್ಕೆ ಮೂರು ಸಲವಾದರೂ ಮಾತಾಡಿಸುತ್ತಿದ್ದಳು. ನನ್ನ ತಕರಾರು ಅದಲ್ಲ. ನನಗೆ ನನ್ನ ಸಂಜೆ ವಾಪಸ್ ಬೇಕಾಗಿತ್ತು.

ಸಂಜೆಯೆಂದರೆ ಏನೆಂದು ಬಿಡಿಸಿ ಹೇಳಬೇಕು. ನಮ್ಮದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಆರೂವರೆಗೆ ತಾಟು ತೊಳೆದಿಟ್ಟರೆ ಮಲಗುವವರೆಗೆ ಮೂರು ತಾಸು ಖಾಲಿ. ಊರಿನ ಉಳಿದ ಹೆಂಗಸರು ಆಗಿನ್ನೂ ಸಾರಿಗೆ ಒಗ್ಗರಣೆ ಹಾಕುತ್ತಿರುತ್ತಾರೆ. ನಾವಿಬ್ಬರು ಉಂಡು, ಬಾಯಿ ಮುಕ್ಕಳಿಸಿ, ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತಿರುತ್ತಿದ್ದೆವು. ಅವಳ ತೊಡೆಯ ಮೇಲೆ ಶೇಂಗಾದ ಮೊರ. (ಸುಲಿಯುವುದಷ್ಟೇ. ತಿನ್ನುವುದು ಮರುದಿನ ಬೆಳಗಾದ ಮೇಲೆ.) ನಾನು ಮಾತಾಡುತ್ತಿದ್ದೆ. ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ ಮೂವತ್ತೆರಡು ವರ್ಷ ಕೂತು ನಿವೃತ್ತನಾದವನು ನಾನು, ಬಾಪುಸಾಹೇಬ. ಯಾವ ಟ್ರ್ಯಾಕ್ಟರ್ ಎಷ್ಟು ಟನ್ ತಂದಿತು, ಯಾವ ಡ್ರೈವರ್ ನನ್ನ ಜೊತೆ ಜಗಳ ತೆಗೆದ, ಸುದ್ದಿಗೇನು ಬರವೇ! ನಾನು ಹೇಳುತ್ತಿದ್ದೆ, ಅವಳು ‘ಹೂಂ’ ಅನ್ನುತ್ತಿದ್ದಳು. ನಿಜ ಹೇಳುತ್ತೇನೆ, ಆ ‘ಹೂಂ’ ಕೇಳುವುದಕ್ಕೇ ನಾನು ಬೆಳಗಿನಿಂದ ಕಾಯುತ್ತಿದ್ದೆ.

ಅಂಥ ಸಂಸಾರದೊಳಗೆ ಚುನಾವಣೆ ಬಂತು.

ನಮ್ಮ ಗಡಿ ಸೀಮೆಯಲ್ಲಿ ಗೆದ್ದವರು ಗುಲಾಲಿನ ಕೆಂಪು ಪುಡಿ ಹಾರಿಸುತ್ತಾರೆ. ಹೀಗಾಗಿ ‘ಯಾರು ಗೆಲ್ಲುತ್ತಾರೆ’ ಎಂದು ಯಾರೂ ಕೇಳುವುದಿಲ್ಲ, ‘ಗುಲಾಲ ಯಾರದು’ ಎಂದೇ ಕೇಳುತ್ತಾರೆ. ನಮ್ಮ ಪಕ್ಷದ ಅಣ್ಣಾಸಾಬ ಫೋನಿನಲ್ಲಿ ‘ಗುಲಾಲ ನಮ್ಮದೇ’ ಎಂಬ ಗ್ರೂಪ್ ಮಾಡಿ ನನ್ನನ್ನೂ ಸೇರಿಸಿದ. ಜಿನಮತಿಯ ತವರು ನಿಪ್ಪಾಣಿ. ಅಲ್ಲಿಂದ ಅವಳ ತಮ್ಮ ಅಭಿನಂದನ, ಎದುರು ಪಕ್ಷದ ಕಟ್ಟಾಳು, ಅವಳನ್ನು ಇನ್ನೊಂದು ಗ್ರೂಪಿಗೆ ಹಾಕಿದ. ಅದರ ಹೆಸರು ‘ಗುಲಾಲ ಆಪಲಾಚ’. ಅಂದರೆ ಮರಾಠಿಯಲ್ಲಿ ಅದೇ ಹೆಸರು. ಒಂದೇ ಗುಲಾಲಿಗೆ ಒಂದೇ ಮನೆಯಲ್ಲಿ ಇಬ್ಬರು ವಾರಸುದಾರರು.

ನಾನು ಪಡಸಾಲೆಯಲ್ಲಿ ಕನ್ನಡ ಚಾನೆಲ್ ಹಚ್ಚಿಕೊಂಡು ಕುಳಿತೆ. ಅವಳು ಅಡುಗೆಮನೆಯಲ್ಲಿ ಫೋನಿನ ಮೇಲೆ ಮರಾಠಿ ಚಾನೆಲ್ ಹಚ್ಚಿಕೊಂಡು ಕುಳಿತಳು. ನನ್ನ ಚಾನೆಲ್ಲಿನ ನಿರೂಪಕ ನಮ್ಮ ಪಕ್ಷದ ಅಲೆ ಎಂದು ಕುರ್ಚಿಯಿಂದ ಎದ್ದು ಕೂಗಿದರೆ, ಅವಳ ಚಾನೆಲ್ಲಿನವನು ಅವಳ ಪಕ್ಷದ ಸುನಾಮಿ ಎಂದು ಮೇಜು ಗುದ್ದುತ್ತಿದ್ದ. ಕಟ್ಟೆಯ ಮೇಲೆ ಓಣಿಯ ಬೆಕ್ಕು ಮಲಗತೊಡಗಿತು.

ನಮ್ಮ ಗ್ರೂಪಿನಲ್ಲಿ ಅಣ್ಣಾಸಾಬ ಒಂದು ಮಹಾ ಸಮೀಕ್ಷೆ ನಡೆಸಿದ. ಇನ್ನೂರಾ ಹದಿನಾಲ್ಕು ಸದಸ್ಯರಲ್ಲಿ ಇನ್ನೂರಾ ಹನ್ನೆರಡು ಜನ ಗೆಲುವು ನಮ್ಮದೇ ಎಂದರು. (ಉಳಿದಿಬ್ಬರ ಫೋನಿನಲ್ಲಿ ಚಾರ್ಜ್ ಇರಲಿಲ್ಲ.) ಅನುಮಾನ ಪಟ್ಟವರನ್ನೆಲ್ಲ ಅಣ್ಣಾಸಾಬ ಮೊದಲೇ ಗ್ರೂಪಿನಿಂದ ಕಿತ್ತುಹಾಕಿದ್ದ ಎಂಬುದು ನನಗೆ ಆಗ ದೊಡ್ಡ ವಿಷಯ ಅನ್ನಿಸಲಿಲ್ಲ. ಕಾಟಾದ ಮೇಲೆ ಗಾಡಿ ಹತ್ತುವ ಮೊದಲೇ ಕಣ್ಣಳತೆಯಲ್ಲೇ ತೂಕ ಹೇಳುತ್ತಿದ್ದ ಮನುಷ್ಯ ನಾನು. ಮತದಾರನ ತೂಕ ನನಗೆ ತಿಳಿಯದೇ?

“ಏ, ಈ ಸಲ ನಿಮ್ಮ ತಮ್ಮನ ಪಾರ್ಟಿ ಡೆಪಾಸಿಟ್ ಹೋಗತೈತಿ ನೋಡು,” ಎಂದೆ.

“ಯಾರ್ ಅಂದಾರ?”

“ಎಲ್ಲಾರೂ ಅನ್ನಾಕತ್ತಾರ.”

“ಎಲ್ಲಾರೂ ಅಂದ್ರ ನಿಮ್ಮ ಅಣ್ಣಾಸಾಬ. ನಮ್ಮ ಗ್ರೂಪಿನ್ಯಾಗ ಮುನ್ನೂರು ಮಂದಿ ಅದಾರ. ಮುನ್ನೂರೂ ಮಂದಿ ನೀವು ಸೋಲತೀರಿ ಅಂದಾರ. ಮುನ್ನೂರು ದೊಡ್ಡದೋ ಎರಡನೂರು ದೊಡ್ಡದೋ? ಕಾಟಾದ ಮ್ಯಾಲ ಕೂತಾವ್ರು ನೀವ ಹೇಳ್ರಿ.”

ಮಾತಿಗೆ ಮಾತು ಬೆಳೆದು ಕಡೆಗೆ ಪಂದ್ಯ ಕಟ್ಟಿದೆವು. ರೊಕ್ಕದ ಪಂದ್ಯವಲ್ಲ. ಒಬ್ಬೊಬ್ಬರು ಒಂದೊಂದು ಚೀಟಿ ಬರೆದು, ಮಡಚಿ, ಅಕ್ಕಿ ಡಬ್ಬಿಯೊಳಗೆ ಹಾಕುವುದು. ಯಾರ ಪಕ್ಷ ಗೆಲ್ಲುತ್ತದೋ ಅವರ ಚೀಟಿ ಮಾತ್ರ ತೆಗೆಯುವುದು. ಅದರಲ್ಲಿ ಏನಿದೆಯೋ ಅದನ್ನು ಸೋತವರು ಒಂದು ವರ್ಷ ತಪ್ಪದೇ ನಡೆಸಿಕೊಡಬೇಕು. ನಾನು ಬರೆದದ್ದು ಒಂದೇ ಸಾಲು: ‘ಜಿನಮತಿ ದಿನಾ ಸಂಜೆ ಕಟ್ಟೆಯ ಮೇಲೆ ನನ್ನ ಬಾಜೂಕ ಕೂತು ನಾನು ಹೇಳುವುದನ್ನು ಕೇಳಬೇಕು.’ ಇಷ್ಟನ್ನು ನೇರವಾಗಿ ಬಾಯಿಬಿಟ್ಟು ಕೇಳಬಹುದಿತ್ತು ಎಂದು ನೀವೆನ್ನಬಹುದು. ಹೇಗೆ ಕೇಳುವುದು? ಗೆಲ್ಲುವ ಪಕ್ಷದ ಮನುಷ್ಯ ನಾನು, ಸೋಲುವವರ ಮುಂದೆ ಕೈಚಾಚಲೇ? ಅವಳೇನು ಬರೆದಳೋ, ಕೈ ಅಡ್ಡ ಹಿಡಿದು, ಚೀಟಿಯ ಎರಡೂ ಕಡೆ ಬರೆದಳು.

ಈ ನಡುವೆ ಅಣ್ಣಾಸಾಬ ನನ್ನನ್ನು ‘ಗುಲಾಲ ವಿಭಾಗದ ಪ್ರಮುಖ’ ಎಂದು ಘೋಷಿಸಿದ. ನಿವೃತ್ತನಾದ ಮೇಲೆ ಸಿಕ್ಕ ಮೊದಲ ಹುದ್ದೆ. ಅಥಣಿ ಪೇಟೆಗೆ ಹೋಗಿ ಒಂದು ಚೀಲ ಗುಲಾಲು ತಂದು ದೇವರ ಕೋಣೆಯ ಪಕ್ಕಕ್ಕೆ ಇಳಿಸಿದೆ. ಅದನ್ನು ನೋಡಿದ ಜಿನಮತಿ ಚಿಕ್ಕೋಡಿಯ ಅಂಗಡಿಗೆ ಫೋನ್ ಹಚ್ಚಿ ಐದು ಕಿಲೋ ಪೇಢೆಗೆ ಹೇಳಿದಳು.

ಇಷ್ಟರೊಳಗೆ ಒಂದು ಹೊಸ ಪೀಡೆ ಶುರುವಾಗಿತ್ತು. ಊರಿನಲ್ಲಿ ಎಲ್ಲಿ ನೋಡಿದರೂ ಸೀಟಿ. ಕಬ್ಬಿನ ಟ್ರ್ಯಾಕ್ಟರಿನವರು ಸೀಟಿ ಊದುತ್ತಾರೆ, ಬಸ್ ಸ್ಟ್ಯಾಂಡಿನ ಬಾಳೆಹಣ್ಣಿನವನು ಸೀಟಿ ಊದುತ್ತಾನೆ. ನನಗೆ ಟೀವಿಯಲ್ಲಿ ಚರ್ಚೆ ಕೇಳಿಸದಷ್ಟು ಗದ್ದಲ. ಉಗಾರ ಬುದ್ರುಕದಿಂದ ಹಾಲು ತರುವ ಸುಂದರಾ ಕೂಡ ಒಂದು ಬೆಳಗ್ಗೆ ಬಾಗಿಲಲ್ಲಿ ನಿಂತು ‘ಪುರ್ರ್’ ಎಂದು ಊದಿದಳು.

“ಬಾಗಲಿಗೆ ಬೆಲ್ ಐತಲ್ಲವಾ ಸುಂದರಾ, ಸೀಟಿ ಯಾಕ?” ಎಂದೆ.

“ಭೀಮಸಿ ಅಣ್ಣಂದ್ರಿ ಕಾಕಾ. ಯಾವ ಪಾರ್ಟೀನೂ ಇಲ್ಲದ ಅಪಕ್ಷ ನಿಂತಾನ. ಸೀಟಿ ಅವನ ಗುರ್ತು. ನಮ್ಮ ಊರ ತುಂಬ ಸೀಟೀನರಿ.”

“ಯಾವ ಭೀಮಸಿ? ಪಂಪ್ ರಿಪೇರಿ ಮಾಡಾಂವ?”

“ಹೌದ್ರಿ. ಇಪ್ಪತ್ತ ವರ್ಷ ಹೊಳಿ ದಂಡಿ ಮ್ಯಾಲಿನ ಎಲ್ಲಾರ ಪಂಪ್ ಅವನ ನೋಡ್ಯಾನ್ರಿ. ಕರೆದ ಹೊತ್ತಿಗೆ ಬಂದಾನ.”

ನಾನು ಕನಿಕರದಿಂದ ನಕ್ಕೆ. “ನಿನಗ ರಾಜಕೀಯ ತಿಳಿಯಂಗಿಲ್ಲವಾ. ನಮ್ಮ ಗ್ರೂಪಿನ್ಯಾಗ ಅವನ ಹೆಸರಽ ಇಲ್ಲ,” ಎಂದೆ. ಒಳಗಿನಿಂದ ಜಿನಮತಿಯೂ, “ನಮ್ಮ ಗ್ರೂಪಿನ್ಯಾಗೂ ಇಲ್ಲ ತಗೋ,” ಎಂದಳು. ಎರಡು ತಿಂಗಳಲ್ಲಿ ನಾವಿಬ್ಬರೂ ಒಪ್ಪಿದ ಏಕೈಕ ವಿಷಯ ಇದು. ಸುಂದರಾ ಹಾಲು ಅಳೆದು ಕೊಟ್ಟು, ಸೀಟಿ ಊದಿಕೊಂಡು ಹೋದಳು.

ಆಮೇಲೆ ಖುದ್ದು ಭೀಮಸಿಯೇ ನಮ್ಮ ಮನೆಗೆ ಬಂದಿದ್ದನಂತೆ. ‘ಬಂದಿದ್ದನಂತೆ’ ಎಂದೆ ನೋಡಿ, ಬಾಗಿಲು ತೆಗೆದವನು ನಾನೇ. ಕಿವಿಯಲ್ಲಿ ಇಯರ್‌ಫೋನ್ ಇತ್ತು, ನಮ್ಮ ನಾಯಕರ ಭಾಷಣ ಜೋರಾಗಿ ನಡೆದಿತ್ತು. ಖಾಕಿ ಅಂಗಿಯವನೊಬ್ಬ ಕೈಮುಗಿದು ಏನೋ ಹೇಳುತ್ತಿದ್ದ. ನಾನು, “ಮೀಟರ್ ಹೊರಗೈತಿ, ನೋಡ್ಕೊಂಡ ಹೋಗಪಾ,” ಎಂದು ಬಾಗಿಲು ಹಾಕಿದೆ. ಅವನು ಪಾಪ, ಮೀಟರ್ ನೋಡಿಯೇ ಹೋದ.

ಎಣಿಕೆಯ ದಿನ ಬಂತು. ನಾನು ಬಿಳಿ ಅಂಗಿ ತೊಟ್ಟು, ಗುಲಾಲಿನ ಚೀಲದ ಬಾಯಿ ಬಿಚ್ಚಿ ಸಿದ್ಧನಾದೆ. ಅವಳು ಪೇಢೆಯನ್ನು ಹರಿವಾಣಕ್ಕೆ ಜೋಡಿಸಿದಳು. ಮೊದಲ ಸುತ್ತು ಮುಗಿಯಿತು. ಟೀವಿಯ ತಳದಲ್ಲಿ ನಮ್ಮ ಕ್ಷೇತ್ರದ ಮುಂದೆ ‘ಇತರರು ಮುಂದೆ’ ಎಂದು ಬಂತು. ಟೀವಿ ಕೆಟ್ಟಿದೆ ಎಂದುಕೊಂಡು ಅದರ ನೆತ್ತಿಗೆ ಎರಡು ಬಡಿದೆ. ಐದನೇ ಸುತ್ತಿಗೂ ಇತರರು. ಒಂಬತ್ತನೆಯದಕ್ಕೂ ಇತರರು. ಗ್ರೂಪಿನಲ್ಲಿ ಮಾತ್ರ ಅಣ್ಣಾಸಾಬ, ‘ಹೆದರಬೇಡಿ, ನಮ್ಮ ಊರುಗಳ ಪೆಟ್ಟಿಗೆ ಇನ್ನೂ ತೆಗೆದಿಲ್ಲ’ ಎಂದು ಹಾಕುತ್ತಲೇ ಇದ್ದ. ಹನ್ನೆರಡನೇ ಸುತ್ತಿಗೆ ನಾನು ಫೋನ್ ಹಿಡಿದು ಪಡಸಾಲೆಯಿಂದ ಎದ್ದೆ. ಅವಳು ಫೋನ್ ಹಿಡಿದು ಅಡುಗೆಮನೆಯಿಂದ ಎದ್ದಳು. ನಡುಮನೆಯಲ್ಲಿ ಮುಖಾಮುಖಿಯಾದೆವು.

“ರೀ, ಈ ಇತರರು ನಿಮ್ಮಾವ್ರೇನ್ರಿ?”

“ನಿಮ್ಮಾವ್ರಲ್ಲೇನು?”

“ಅಲ್ಲರಿ!”

ಆಗ ಓಣಿಯ ತುದಿಯಲ್ಲಿ ಸೀಟಿಗಳ ಸದ್ದು ಎದ್ದಿತು. ನೂರಾರು ಸೀಟಿಗಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎರಡು ತಿಂಗಳಿಂದ ಅದೇ ಸದ್ದು ಕಿಟಕಿಯ ಹೊರಗೇ ಇತ್ತು, ನಾವಿಬ್ಬರೂ ಕಿಟಕಿ ಮುಚ್ಚಿ ಸುದ್ದಿ ಕೇಳುತ್ತಿದ್ದೆವು.

ಹೊತ್ತು ಇಳಿಯುವ ಸುಮಾರಿಗೆ ಮೆರವಣಿಗೆ ನಮ್ಮ ಬಾಗಿಲಿಗೇ ಬಂದು ನಿಂತಿತು. ಟ್ರ್ಯಾಕ್ಟರಿನಿಂದ ಇಳಿದ ಭೀಮಸಿ ಕೈಮುಗಿದು, “ಕಾಕಾ, ಮೀಟರ್ ನೋಡಾಕ ಬಂದೀನ್ರಿ,” ಎಂದ. ಜನ ಹೋ ಎಂದು ನಕ್ಕರು. ನನಗೆ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು. ಹಿಂದಿನಿಂದ ಸುಂದರಾ ಮುಂದೆ ಬಂದಳು.

“ಕಾಕಾ, ಅಡಚಣಿ ಆಗೈತ್ರಿ. ನಾವು ಗುಲಾಲ ತಂದಿಲ್ಲ. ಪೇಟ್ಯಾಗಿಂದೆಲ್ಲ ನಿಮ್ಮ ಎರಡೂ ಪಾರ್ಟಿಯಾವ್ರು ಮೊದಲಽ ಒಯ್ದಾರ. ನಿಮ್ಮ ಮನ್ಯಾಗ ಒಂದ ಚೀಲ ಐತಿ, ನಾ ದಿನಾ ನೋಡೀನಿ.”

ಮನೆ ಬಾಗಿಲಿಗೆ ಬಂದು ಕೇಳಿದವರಿಗೆ ಇಲ್ಲ ಎನ್ನುವುದು ಹೇಗೆ? ಅದೂ ಚೀಲದ ಬಾಯಿ ಬಿಚ್ಚಿಟ್ಟಿರುವಾಗ? ಕೊಟ್ಟೆ. ಕೊಟ್ಟ ತಪ್ಪಿಗೆ ಮೊದಲ ಹಿಡಿ ನನ್ನ ತಲೆಯ ಮೇಲೇ ಬಿತ್ತು. ಜಿನಮತಿ ಸೆರಗು ಸಿಕ್ಕಿಸಿಕೊಂಡು ಪೇಢೆಯ ಹರಿವಾಣ ಹೊರಗೆ ತಂದಳು. “ಹೊತ್ತ ಮುಳುಗಾಕ ಬಂತು, ಲಗೂ ತಿನ್ರಿ,” ಎಂದು ಕಂಡಕಂಡವರ ಕೈಗೆ ಹಾಕಿದಳು. ಯಾರೋ ಫೋಟೋ ಹೊಡೆದರು. ಮಧ್ಯದಲ್ಲಿ ಭೀಮಸಿ, ಎಡಕ್ಕೆ ನೆತ್ತಿಯಿಂದ ಹೊಟ್ಟೆಯವರೆಗೆ ಕೆಂಪಾದ ನಾನು, ಬಲಕ್ಕೆ ಅವನ ಬಾಯಿಗೆ ಪೇಢೆ ಇಡುತ್ತಿರುವ ನನ್ನ ಧರ್ಮಪತ್ನಿ.

ಆ ಫೋಟೋ ರಾಯಬಾಗ ದಾಟಿ ನಿಪ್ಪಾಣಿ ಮುಟ್ಟಲು ಕಾಲು ತಾಸೂ ಹಿಡಿಯಲಿಲ್ಲ. ಅಣ್ಣಾಸಾಬ ನನ್ನನ್ನು ‘ಗುಲಾಲ ನಮ್ಮದೇ’ಯಿಂದ ಕಿತ್ತುಹಾಕಿದ. ಅಭಿನಂದನ ತನ್ನ ಸ್ವಂತ ಅಕ್ಕನನ್ನು ‘ಗುಲಾಲ ಆಪಲಾಚ’ದಿಂದ ಕಿತ್ತುಹಾಕಿದ. ಎರಡೂ ಫೋನುಗಳು ಏಕಕಾಲಕ್ಕೆ ಬಾಯಿ ಮುಚ್ಚಿದವು. ಮನೆಯಲ್ಲಿ ಎಷ್ಟೋ ದಿನಗಳ ಮೇಲೆ ಗೋಡೆ ಗಡಿಯಾರದ ಸದ್ದು ಕೇಳಿಸಿತು.

ಗಡಿಬಿಡಿಯಲ್ಲಿ ಉಂಡೆವು. ಅವಳು ತಾಟು ತೊಳೆಯಲು ಹಿತ್ತಲಿಗೆ ಹೋದಳು. ನನ್ನ ಜೀವ ಮಾತ್ರ ಅಕ್ಕಿ ಡಬ್ಬಿಯಲ್ಲಿತ್ತು. ಎರಡೂ ಪಕ್ಷ ಸೋತಿವೆ, ಅಂದರೆ ಕರಾರಿನ ಪ್ರಕಾರ ಎರಡೂ ಚೀಟಿ ತೆಗೆಯುವಂತಿಲ್ಲ. ನನ್ನ ಸಂಜೆ ಅಕ್ಕಿಯೊಳಗೇ ಉಳಿಯಿತು. ಆದರೆ ಅವಳು ಏನು ಬೇಡಿದ್ದಳು? ಬಂಗಾರವೇ? ತವರಲ್ಲಿ ಒಂದು ತಿಂಗಳೇ? ತಡೆಯಲಾಗಲಿಲ್ಲ. ಕೈ ಹಾಕಿ ಅವಳ ಚೀಟಿ ಬಿಚ್ಚಿದೆ.

‘ಇವರು ದಿನಾ ಸಂಜೆ ಫೋನ್ ಒಳಗಿಟ್ಟು ನನ್ನ ಬಾಜೂಕ ಕಟ್ಟೆಯ ಮೇಲೆ ಕೂಡಬೇಕು.’

ಕಣ್ಣು ಮಂಜಾಯಿತು. (ಗುಲಾಲು ಬಿದ್ದಿತ್ತು ಎಂದಿಟ್ಟುಕೊಳ್ಳಿ.) ಆಮೇಲೆ ಹಿಂದೆ ತಿರುಗಿಸಿದೆ.

‘ಆದರೆ ಬಾಯಿ ತೆಗೆಯಬಾರದು. ಕಾಟಾದ ಸುದ್ದಿ ಸಾಕಷ್ಟು ವರ್ಷ ಕೇಳೀನಿ. ಇನ್ನು ನಾ ಹೇಳತೀನಿ, ಇವರು ಕೇಳಬೇಕು.’

ಚೀಟಿಯನ್ನು ಇದ್ದ ಹಾಗೆ ಮಡಚಿ ಅಕ್ಕಿಯಲ್ಲಿ ಹುಗಿದೆ. ಕಟ್ಟೆಗೆ ಹೋಗಿ, ಬೆಕ್ಕನ್ನು ಎಬ್ಬಿಸಿ ಕುಳಿತೆ. ಸ್ವಲ್ಪ ಹೊತ್ತಿಗೆ ಅವಳು ಬಂದಳು, ಕೈಯಲ್ಲಿ ಶೇಂಗಾದ ಮೊರ. ಬಾಜೂಕ ಕುಳಿತಳು. ಹೊಟ್ಟೆಯೊಳಗೆ ನೂರು ಮಾತು ಎದ್ದವು. ಮತದ ತೂಕ ತಪ್ಪಿದ್ದು ಹೇಗೆ, ಹೀಗೆಯೇ ಒಂದು ಹಂಗಾಮಿನಲ್ಲಿ ಕಾಟಾ ತಪ್ಪಿದ್ದು ಹೇಗೆ! ಒಂದನ್ನೂ ಹೊರಗೆ ಬಿಡಲಿಲ್ಲ, ಹಲ್ಲು ಕಚ್ಚಿ ಕುಳಿತೆ. ಅವಳು ಹತ್ತು ಶೇಂಗಾ ಸುಲಿದಳು. ಇಪ್ಪತ್ತು ಸುಲಿದಳು. ನನ್ನ ಮುಖ ನೋಡಿದಳು.

“ಯಾಕ್ರಿ, ಇವತ್ತ ಕಾಟಾದ ಸುದ್ದಿ ಇಲ್ಲೇನು?”

ಇಲ್ಲ ಎಂದು ತಲೆಯಾಡಿಸಿದೆ.

“ಚೀಟಿ ಓದೀರಿ,” ಎಂದಳು.

“ಯಾವ ಚೀಟಿ?”

“ಮೂವತ್ತನಾಕ ವರ್ಷದಾಗ ನೀವು ಹಿಂಗ ಸುಮ್ಮನ ಕೂತದ್ದು ನಾ ನೋಡಿಲ್ಲರಿ. ಚೀಟಿ ಓದೀರಿ.”

ಸಿಕ್ಕಿಬಿದ್ದೆ. ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿದ್ದಕ್ಕೇ ಸಿಕ್ಕಿಬಿದ್ದೆ. “ತಪ್ಪಾತು ಬಿಡು. ನೀ ಆದ್ರ ನನ್ನ ಚೀಟಿ ಓದದಽ ಬಿಡತಿದ್ದೇನು?” ಎಂದೆ.

“ಬಿಡೂದೇನು, ಬರೆದ ಮರುದಿನಽ ಓದೀನಿ. ಅಕ್ಕಿ ಡಬ್ಬಿ ದಿನಾ ತೆಗಿಯಾವ್ರು ಯಾರ್ರಿ ಈ ಮನ್ಯಾಗ?”

ನಾನು ಒಳಗೆ ಕುಳಿತು ಹಂಬಲಿಸುತ್ತಿದ್ದುದು ಇವಳಿಗೆ ಅಷ್ಟು ದಿನವೂ ಗೊತ್ತಿತ್ತು. ಇವಳದೂ ಅದೇ ಹಂಬಲ. ಇಬ್ಬರ ನಡುವೆ ಇದ್ದದ್ದು ಒಂದು ಗೋಡೆ.

“ಹಂಗಾರ ಯಾಕ ಬಂದ ಕೂಡಲಿಲ್ಲ?” ಎಂದೆ. ನನ್ನ ದನಿ ಬೇರೆಯಾಗಿತ್ತು.

ಅವಳು ಮೊರದಲ್ಲಿ ಬೆರಳಾಡಿಸಿದಳು.

“ಆವಾಗ ನಾವು ಗೆಲ್ಲಾವ್ರಿದ್ದಿವಿ,” ಎಂದಳು.

ದೂರದಲ್ಲಿ ಇನ್ನೂ ಸೀಟಿ ಊದುತ್ತಿದ್ದರು. ನಾನು ಏನೋ ಹೇಳಲು ಬಾಯಿ ತೆರೆದೆ.

“ಚೀಟಿ,” ಎಂದಳು.

ಮುಚ್ಚಿದೆ. ಜಿನಮತಿ ಒಂದು ಹಿಡಿ ಶೇಂಗಾವನ್ನು ನನ್ನ ಮುಂದೆ ಸುರಿದು, ಸುಲಿಯಲು ಕಣ್ಣಲ್ಲೇ ಹೇಳಿ, ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿಯ ಹಿಂದಿದ್ದ ತನ್ನ ಶಾಲೆಯ ಸುದ್ದಿ ತೆಗೆದಳು. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಅದನ್ನು ಕೇಳಿಯೇ ಇರಲಿಲ್ಲ.

ನಾನು ‘ಹೂಂ’ ಎಂದೆ.