ಆರು ವಾರ ಕಾಲು ಊರಬೇಡಿ ಅಂದರೆ

ವಾರ್ಡಿನಲ್ಲಿ ಕಣ್ಣೆದುರಿಗೇ ಮಲಗಿರುವ ರೋಗಿಯೇ ನರ್ಸಿನ ಮಾತು ಕೇಳುವುದಿಲ್ಲ. ಇನ್ನು ಫೋನಿನಲ್ಲಿ ಹೇಳಿದರೆ ಕೇಳುತ್ತಾನೆಯೇ? ಆದರೂ ಈಗ ನನ್ನ ಕೆಲಸ ಅದೇ. ಮೂಳೆ ಆಪರೇಷನ್ ಮುಗಿಸಿಕೊಂಡು ಮನೆಗೆ ಹೋದವರಿಗೆ ದಿನಾ ವಿಡಿಯೋ ಕಾಲ್ ಮಾಡಿ ಗಾಯ ನೋಡಬೇಕು, ಮಾತ್ರೆ ವಿಚಾರಿಸಬೇಕು, ವ್ಯಾಯಾಮ ಮಾಡಿಸಬೇಕು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಮುರಿದ ಕೈಕಾಲೆಲ್ಲ ನನ್ನ ಪಾಲಿಗೆ ಬಂದಿವೆ. ಹದಿನೈದು ವರ್ಷ ವಾರ್ಡಿನಲ್ಲಿ ಓಡಾಡಿದಾಗ ಬರದ ಬಿ.ಪಿ. ಈ ಕುರ್ಚಿಯಲ್ಲಿ ಕೂತ ಮೇಲೆ ಬಂತು.

ಅದರಲ್ಲಿ ಅರ್ಧ ಬಿ.ಪಿ. ಹೊಣಕೆರೆ ಕಡೆಯ ಒಬ್ಬ ಅಜ್ಜಿಯ ಕೊಡುಗೆ. ಜಾರಿ ಬಿದ್ದು ಸೊಂಟದ ಹತ್ತಿರ ತೊಡೆಮೂಳೆ ಮುರಿದು ಸ್ಕ್ರೂ ಹಾಕಿತ್ತು. "ಆರು ವಾರ ಆ ಕಾಲು ನೆಲಕ್ಕೆ ಊರಬಾರದು. ಸ್ಕ್ರೂ ಜಾರಿದರೆ ಇನ್ನೊಂದು ಆಪರೇಷನ್ ತಡೆಯುವ ಶಕ್ತಿ ನಿಮ್ಮ ಹೃದಯಕ್ಕಿಲ್ಲ," ಎಂದು ಡಾಕ್ಟರು ಅಜ್ಜಿಗೂ ಸೊಸೆಗೂ ಬಿಡಿಸಿ ಹೇಳಿದ್ದರು. ಅಜ್ಜಿ ತಲೆ ಆಡಿಸಿದರು. ನಾನು ನಂಬಿದೆ.

೧. ಬಾಲವಿದ್ದ ಫ್ಯಾನು

ಮನೆಗೆ ಹೋದ ಹತ್ತನೇ ದಿನ ಸಂಜೆ ಕಾಲ್ ಮಾಡಿದೆ. ಪರದೆಯ ತುಂಬ ಅಜ್ಜಿಯ ಮುಖ.

"ಅಜ್ಜಿ, ಎಲ್ಲಿದ್ದೀರಾ?"

"ಎಲ್ಲಿರ್ಲವ್ವ, ಒಳ್ಗೆ ಮಂಚದ್ ಮ್ಯಾಲೆ ಬಿದ್ದಿವ್ನಿ."

ಅವರ ತಲೆಯ ಹಿಂದೆ ಉದ್ದನೆಯದೊಂದು ಬೀಸಿ ಹೋಯಿತು. ಮತ್ತೆ ವಾಪಸ್ಸು ಬೀಸಿ ಬಂತು.

"ಅದೇನಜ್ಜಿ ಹಿಂದೆ?"

"ಪ್ಯಾನು ಕಣವ್ವ."

ಅಷ್ಟರಲ್ಲಿ ಫ್ಯಾನು "ಅಂಬಾ" ಎಂದಿತು.

ಸೊಸೆಯನ್ನು ಗದರಿಸಿದ ಮೇಲೆ ನಿಜ ಹೊರಬಂತು. ಮನೆಯ ಹಸು ಅಜ್ಜಿಯ ಕೈಗಲ್ಲದೆ ಬೇರೆಯವರಿಗೆ ಹಾಲು ಬಿಡುವುದಿಲ್ಲ. ಸೊಸೆ ಕೂತರೆ ಬಕೆಟ್ಟು ಒದೆಯುತ್ತದೆ. ಹಾಗಾಗಿ ಮಗನೂ ಸೊಸೆಯೂ ಸೇರಿ ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿ ಸಮೇತ ಹೊತ್ತುಕೊಂಡು ಹೊಲದ ಪಕ್ಕದ ಕೊಟ್ಟಿಗೆಗೆ ಒಯ್ಯುತ್ತಿದ್ದರು.

"ಕುರ್ಚಿ ಮೇಲೆ ಕೂತು ಹಾಲು ಕರೀತೀರಾ?"

"ಅದೆಂಗಾದದು, ಕುಕ್ಕರಗಾಲಲ್ಲಿ ಕುಂತ್ಕತೀನಿ."

ನಾನು ಹಣೆ ಚಚ್ಚಿಕೊಂಡೆ. ಅಜ್ಜಿಗೆ ನನ್ನ ಮೇಲೇ ಸಿಟ್ಟು ಬಂತು. "ಕಾಲ್ ಊರ್ಬ್ಯಾಡಿ ಅಂದ್ರಿ. ಕುಕ್ಕರಿಸ್ಬ್ಯಾಡಿ ಅಂತ ಯಾವತ್ ಯೇಳಿದ್ರಿ?"

ಇನ್ನು ಮೇಲೆ ದಿನಾ ಹಾಲು ಕರೆಯುವ ಹೊತ್ತಿಗೇ, ಸರಿಯಾಗಿ ಐದಕ್ಕೆ ಕಾಲ್ ಮಾಡುತ್ತೇನೆ, ಮಂಚದ ಮೇಲೇ ಕಾಣಬೇಕು ಎಂದು ಹೇಳಿ ಫೋನಿಟ್ಟೆ.

೨. ಒಳಗೆ ನಿಮ್ಮದು, ಮೇಲೆ ನಮ್ಮದು

ತೊಣ್ಣೂರಿನ ಕಡೆಯ ಹುಡುಗನೊಬ್ಬ ಬೈಕಿನಿಂದ ಬಿದ್ದು ಮೊಣಕಾಲಿನ ಕೆಳಗೆ ರಾಡು ಹಾಕಿಸಿಕೊಂಡಿದ್ದ. ಮೂರನೇ ದಿನ ನೋಡಿದರೆ ಕಾಲು ದಿಂಬಿನಷ್ಟು ದಪ್ಪ. ಸುತ್ತ ಬಿದಿರಿನ ಸೀಳು, ಸೊಪ್ಪು, ಮೊಟ್ಟೆಯ ಬಿಳಿ ಬಳಿದ ಬಟ್ಟೆ. ನಾಟಿ ಕಟ್ಟು.

"ಆಪರೇಷನ್ ಆದ ಮೇಲೆ ಇದ್ಯಾಕ್ರೀ?" ಎಂದೆ. ಅವನ ಸೋದರಮಾವ ಫೋನು ಇಸಿದುಕೊಂಡರು. "ನಿಮ್ ರಾಡ್ನ ನಾವೇನ್ ಮುಟ್ಟಿಲ್ಲ ಸಿಸ್ಟ್ರೇ. ಒಳ್ಗಡೆ ನಿಮ್ದು, ಮ್ಯಾಲ್ಗಡೆ ನಮ್ದು. ಎರಡೂ ಇರ್ಲಿ ಬುಡಿ."

ಗಾಯ ಕೊಳೆತರೆ ಗತಿಯೇನು ಎಂದು ಅರ್ಧ ಗಂಟೆ ಕೂಗಾಡಿ ಬಿಚ್ಚಿಸಿದೆ. ಮಾರನೇ ದಿನ ಕಟ್ಟು ಕಟ್ಟಿದ್ದವರೇ ನನಗೆ ಫೋನ್ ಮಾಡಿದರು. ಜಗಳಕ್ಕೆ ಬಂದರೇನೋ ಅಂದುಕೊಂಡರೆ ಬಲು ಸಮಾಧಾನದ ಮನುಷ್ಯ. "ನಾನು ಕೈಯಾಡ್ಸಿ ನೋಡಿವ್ನಿ ಕಣಮ್ಮ. ನಿಮ್ ಡಾಕ್ಟ್ರು ಮೂಳೆ ನೆಟ್ಟಗೇ ಕೂರ್ಸವ್ರೆ. ಕೈಗುಣ ಅದೆ, ಮುಂದಕ್ ಬತ್ತಾರೆ ಅಂತ ಯೇಳಿ."

ಮೂವತ್ತು ವರ್ಷದ ಅನುಭವದ ನಮ್ಮ ಡಾಕ್ಟರಿಗೆ ಈ ಶಿಫಾರಸು ತಲುಪಿಸುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

೩. ಅರ್ಧ ಇಂಚು

ಶ್ರೀರಂಗಪಟ್ಟಣದ ಟೈಲರ್ ಒಬ್ಬರಿಗೆ ಎಡಗಾಲಿನ ಮೊಣಕಾಲು ಚಿಪ್ಪು ಒಡೆದಿತ್ತು. ಕಾಲನ್ನು ನೆಟ್ಟಗೆ ಎತ್ತಿ ಇಳಿಸುವ ವ್ಯಾಯಾಮ, ದಿನಕ್ಕೆ ಮೂರು ಸಲ. ಇಂಥ ಶಿಸ್ತಿನ ರೋಗಿಯನ್ನು ನಾನು ಕಂಡಿರಲಿಲ್ಲ. ಲುಂಗಿ ಮುಚ್ಚಿಕೊಂಡು ಸರಸರ ಎತ್ತುತ್ತಿದ್ದರು, ನೋವು ಎಂಬ ಮಾತೇ ಇಲ್ಲ. ಎರಡು ವಾರ ಹೊಗಳಿದ್ದೇ ಹೊಗಳಿದ್ದು. ಒಂದು ದಿನ ಲುಂಗಿ ಸರಿಯಿತು, ಎತ್ತುತ್ತಿದ್ದ ಕಾಲಿನಲ್ಲಿ ಒಂದು ಹೊಲಿಗೆಯೂ ಇಲ್ಲ.

"ಭಾಯಿ, ಇದು ಚೆನ್ನಾಗಿರೋ ಕಾಲಲ್ವಾ?"

"ಹೌದು ಸಿಸ್ಟರ್. ಒಡೆದಿರೋ ಕಾಲಿಗೆ ರೆಸ್ಟ್ ಕೊಡಿ ಅಂದಿದ್ರಲ್ಲ. ಪಾಪ, ಅದರ ಕೆಲಸಾನೂ ಇದೇ ಮಾಡ್ತಾ ಇದೆ."

ಅವರೇ ಮುಂದುವರಿಸಿದರು. "ಫಾಯಿದಾ ಆಗಿದೆ ಸಿಸ್ಟರ್. ಟೇಪ್ ಹಾಕಿ ನೋಡಿದೆ, ಬಲಗಡೆ ತೊಡೆ ಅರ್ಧ ಇಂಚು ಜಾಸ್ತಿ ಬಂದಿದೆ. ಪ್ಯಾಂಟೆಲ್ಲಾ ಆ ಕಡೆ ಬಿಚ್ಚಿ ಲೂಸ್ ಮಾಡಿದ್ದೀನಿ."

೪. ಕದಲದ ನೊಣ

ಕೆ.ಆರ್. ಪೇಟೆಯಿಂದ ಒಬ್ಬ ಮಗ ಅಪ್ಪನ ಕಾಲಿನ ಗಾಯದ ಫೋಟೋವನ್ನು ತಪ್ಪದೆ ಬೆಳಿಗ್ಗೆ ಕಳಿಸುತ್ತಿದ್ದ. ಗಾಯ ಸ್ವಚ್ಛವಾಗಿದೆ ಎಂದು ನಾನೂ ಬರೆದುಕೊಳ್ಳುತ್ತಿದ್ದೆ. ಐದನೇ ದಿನ ಒಂದು ಅನುಮಾನ ಬಂತು. ಕಾಲಿನ ಪಕ್ಕ ಹಾಸಿಗೆಯ ಮೇಲೆ ಒಂದು ನೊಣ ಕೂತಿತ್ತು. ಹಿಂದಿನ ಫೋಟೋ ತೆಗೆದು ನೋಡಿದೆ, ಅಲ್ಲೇ ಕೂತಿತ್ತು. ಅದರ ಹಿಂದಿನದರಲ್ಲೂ.

"ಒಂದೇ ಫೋಟೋ ಕಳಿಸ್ತಿದ್ದೀಯಲ್ಲಪ್ಪ?"

"ಮೊದುಲ್ನೇ ದಿನದ್ದು ಚೆಂದಾಗ್ ಬಂದಿತ್ತು ಸಿಸ್ಟ್ರೇ. ಆಮ್ಯಾಲಿಂದು ನೋಡಕ್ಕೆ ಅಷ್ಟು ಚೆಂದಾಗಿಲ್ಲ."

"ಯಾಕೆ?"

"ಊದ್ಕಂಡದಲ್ಲ."

ಅವತ್ತೇ ಅವರನ್ನು ಆಸ್ಪತ್ರೆಗೆ ಕರೆಸಿದೆ. ಅಪ್ಪ ಹುಷಾರಾದರು. ಅವತ್ತು ನನ್ನ ಬಿ.ಪಿ. ಎಷ್ಟಿತ್ತು ಎಂದು ಯಾರೂ ನೋಡಲಿಲ್ಲ.

೫. ಅತ್ತೆ ಲೈನಲ್ಲವ್ರೆ

ಇತ್ತ ಹೊಣಕೆರೆ ಅಜ್ಜಿ ನಾಲ್ಕು ದಿನ ಐದು ಗಂಟೆಗೆ ಸರಿಯಾಗಿ ಮಂಚದ ಮೇಲೆ ಕಂಡರು. ಗೆದ್ದೆ ಅಂದುಕೊಂಡೆ. ಐದನೇ ದಿನ ಅವರ ಕಣ್ಣಲ್ಲಿ ನೀರು.

"ಸೊಸೆ ಕೈಗೆ ಸರಿಯಾಗ್ ಹಾಲ್ ಬುಡ್ತಿಲ್ಲ ಕಣವ್ವ. ಅಲ್ಲಿ ಅದು ಕೆಚ್ಚಲು ಬಾತ್ಕಂಡು ಒದ್ದಾಡ್ತಾ ಅದೆ. ನಾನಿಲ್ಲಿ ಬಿದ್ಕಂಡಿರದಾ? ನಾಳಿಕ್ ಓಗೇ ಓಯ್ತೀನಿ. ಸ್ಕ್ರೂ ಓದ್ರೆ ಓಗ್ಲಿ."

ನನಗೆ ಅಯ್ಯೋ ಅನ್ನಿಸಿತು, ಭಯವೂ ಆಯಿತು. ಎರಡೂ ಸೇರಿ ಬಾಯಿಗೆ ಬಂದದ್ದು ಮಾತ್ರ ಸಿಟ್ಟು. "ಇಷ್ಟು ದೂರದಿಂದ ನಾನು ಫೋನಲ್ಲಿ ನಿಮ್ಮ ಕಾಲು ನೋಡ್ಕೊಳ್ತಿಲ್ವಾ? ನೀವೂ ಫೋನಲ್ಲೇ ಹಾಲು ಕರೀರಿ," ಎಂದು ಕಿರುಚಿ ಕಟ್ ಮಾಡಿದೆ.

ಮಾರನೇ ದಿನ ಐದಕ್ಕೆ ಸೊಸೆಯ ಫೋನ್ ಬಿಜಿ. ಐದೂ ಕಾಲಿಗೂ ಬಿಜಿ. ಅಜ್ಜಿ ಕೊಟ್ಟಿಗೆಗೆ ಹೋದರು, ಸ್ಕ್ರೂ ಜಾರಿತು, ನನ್ನ ನಾಲಿಗೆಯೇ ಅವರನ್ನು ಕೊಂದಿತು ಎಂದುಕೊಂಡು ಮತ್ತೆ ಮತ್ತೆ ಡಯಲ್ ಮಾಡಿದೆ. ಐದೂವರೆಗೆ ಸೊಸೆ ತಾನೇ ಫೋನ್ ಮಾಡಿದಳು.

"ಸಿಸ್ಟ್ರೇ, ಈ ಒತ್ನಲ್ಲಿ ಇನ್ಮ್ಯಾಲೆ ಮಾಡ್ಬ್ಯಾಡಿ. ಅತ್ತೆ ಲೈನಲ್ಲಿರ್ತಾರೆ."

ಆಗಿದ್ದು ಇಷ್ಟು. ಅಜ್ಜಿ ಮಂಚದ ಮೇಲಿಂದ ತಮ್ಮ ಬಟನ್ ಫೋನಿನಲ್ಲಿ ಸೊಸೆಗೆ ಕಾಲ್ ಮಾಡಿದ್ದಾರೆ. ಸೊಸೆ ಸ್ಪೀಕರ್ ಹಾಕಿ ಫೋನನ್ನು ಹಸುವಿನ ಕಿವಿಯ ಹತ್ತಿರ ಗೂಟಕ್ಕೆ ಕಟ್ಟಿದ್ದಾಳೆ. "ಬುಡವ್ವ, ನನ್ ತಾಯಿ, ಬುಡು," ಎಂದು ಅಜ್ಜಿ ಅಲ್ಲಿಂದ ಗೋಗರೆದರೆ ಇಲ್ಲಿ ಹಸು ಕಿವಿ ನಿಗುರಿಸಿ ನಿಂತು ಬಕೆಟ್ಟು ತುಂಬ ಹಾಲು ಬಿಟ್ಟಿದೆ. ಆಮೇಲೆ ದಿನಾ ಹೀಗೇ ನಡೆಯಿತು. ನನ್ನ ವಿಡಿಯೋ ಕಾಲನ್ನು ಆರು ಗಂಟೆಗೆ ತಳ್ಳಿದರು.

ಆರು ವಾರ ಕಳೆದು ಎಕ್ಸ್‌ರೇ ತೆಗೆದರೆ ಸ್ಕ್ರೂ ಒಂದು ಕೂದಲೆಳೆಯೂ ಕದಲಿರಲಿಲ್ಲ. ಅಜ್ಜಿ ವಾಕರ್ ಹಿಡಿದು ಎದ್ದು ನಿಂತರು. ಡಾಕ್ಟರು ಖುಷಿಯಿಂದ, "ಪರವಾಗಿಲ್ಲ ಸಿಸ್ಟರ್, ಫೋನಿನಲ್ಲಿ ಹೇಳಿದ ಮಾತು ಕೇಳುವವರು ಒಬ್ಬರಾದರೂ ಇದ್ದಾರಲ್ಲ," ಎಂದರು.

ಅಜ್ಜಿ ನನ್ನ ಕಡೆ ತಿರುಗಿಯೂ ನೋಡದೆ ಹೇಳಿದರು. "ನಾನೆಲ್ ಕೇಳ್ದೆ ಡಾಕ್ಟ್ರೇ? ಕೇಳಿದ್ದು ನಮ್ ಹಸ."