ಧರ್ಮಕೇಸರಿಯ ತಪಾಸಣೆ

“ಒಂದೇ ಒಂದು ಭಾನುವಾರ ಸಾಕು. ಆ ಬೀಗದವನ ಹೊಟ್ಟೇಲಿ ಏನಿದೆ ಅಂತ ತೆಗೆದು ಈ ಮೇಜಿನ ಮೇಲೆ ಹರಡ್ತೀನಿ, ನೋಡ್ತಿರು!”

ಹೀಗೆಂದು ಊಟದ ಮೇಜನ್ನು ಗುದ್ದಿ ಪ್ರತಿಜ್ಞೆಗೈದವರು ನಿವೃತ್ತ ಟಿಕೆಟ್ ಪರೀಕ್ಷಕರು. ಅದನ್ನು ಕೇಳುವ ಭಾಗ್ಯ ಒದಗಿದ್ದು ಅವರ ಪತ್ನಿಗೆ. ಆಕೆ ಕ್ಯಾರೆಟ್ ಹೆರೆಯುವುದನ್ನು ನಿಲ್ಲಿಸದೆ, “ಹರಡೋದಾದ್ರೆ ಮೇಜಿನ ಬಟ್ಟೆ ತೆಗೆದಿಟ್ಟು ಹರಡಿ. ನಿನ್ನೆ ತಾನೆ ಒಗೆದಿದ್ದೀನಿ” ಎಂದರು.

ಮೂವತ್ತೊಂದು ವರ್ಷ ಓಡುವ ರೈಲಿನಲ್ಲಿ ನಿಂತು ಮನುಷ್ಯಕುಲವನ್ನು ಪರೀಕ್ಷಿಸಿದ ಮಹನೀಯರು ಅವರು. ದೇವರು ಎರಡು ಕಣ್ಣು ಕೊಟ್ಟಿದ್ದ. ಇಲಾಖೆ ಮೂರನೆಯದನ್ನು ಕೊಟ್ಟಿತ್ತು. ಶೌಚಾಲಯದಲ್ಲಿ ಅಡಗಿದವರು, ಗೊರಕೆ ನಟಿಸಿದವರು, ಸತ್ತ ಚಿಕ್ಕಪ್ಪನನ್ನು ವರ್ಷಕ್ಕೆ ನಾಲ್ಕು ಸಲ ಸಾಯಿಸಿ ಕಣ್ಣೀರಿಟ್ಟವರು, ಎಲ್ಲರನ್ನೂ ಹಿಡಿದ ಅನುಭವದಿಂದ ಅವರು ಒಂದು ಸೂತ್ರವನ್ನು ಭಟ್ಟಿ ಇಳಿಸಿದ್ದರು: ‘ಟಿಕೆಟ್ ಇದ್ದವನು ಕಥೆ ಹೇಳಲ್ಲ.’ ದಿನಕ್ಕೊಮ್ಮೆಯಾದರೂ ಇದನ್ನು ಹೇಳದಿದ್ದರೆ ಅವರಿಗೆ ಊಟ ಮೈಗೆ ಹತ್ತುತ್ತಿರಲಿಲ್ಲ. ಅವರು ನಿವೃತ್ತರಾಗಿದ್ದರೂ ಅವರ ಬಲಗೈ ನಿವೃತ್ತವಾಗಿರಲಿಲ್ಲ. ಅಂಗಿಯ ಜೇಬಿನಲ್ಲಿ ಸದಾ ಕೆಂಪು ಪೆನ್ನು. ಓದಿದ ಯಾವ ಕಾಗದವೇ ಆಗಲಿ, ಅದರ ತುದಿಯಲ್ಲಿ ತಮಗೇ ಅರಿವಿಲ್ಲದಂತೆ ಒಂದು ಸರಿ ಗುರುತು, ಚುಟುಕು ಸಹಿ, ತಾರೀಖು. ದಿನಪತ್ರಿಕೆ, ಔಷಧದ ಚೀಟಿ, ಪತ್ನಿಗೆ ಅವರ ಅಕ್ಕ ಬರೆದ ಗುಟ್ಟಿನ ಪತ್ರ, ಯಾವುದೂ ಆ ಮನೆಯಲ್ಲಿ ತಪಾಸಣೆಯಾಗದೆ ಉಳಿದಿರಲಿಲ್ಲ.

ಅವರ ಒಬ್ಬಳೇ ಮಗಳು ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವವಳು. ಬೀಗ ರಿಪೇರಿಯ ಯುವಕನನ್ನು ಮದುವೆಯಾಗುತ್ತೇನೆ, ಆದರೆ ಅಪ್ಪ ಮನಸಾರೆ ಒಪ್ಪಿದರೆ ಮಾತ್ರ ಎಂದು ಅವಳು ಹೇಳಿ ಐದು ತಿಂಗಳಾಗಿತ್ತು. ಅಪ್ಪ ಒಪ್ಪಿರಲಿಲ್ಲ, ಬೇಡವೆಂದೂ ಅಂದಿರಲಿಲ್ಲ, ತಪಾಸಣೆ ನಡೆಯುತ್ತಿದೆ ಎಂದಿದ್ದರು. ಕಂಡವರ ಬಾಗಿಲನ್ನು ಕೀಲಿಯಿಲ್ಲದೆ ತೆರೆಯಬಲ್ಲವನು ಎಂಬುದು ಅವರ ಮೊದಲ ಅನುಮಾನ. ಎರಡನೆಯದು ಇನ್ನೂ ಘನವಾದದ್ದು: ಪ್ರತಿ ಭಾನುವಾರ ಮಧ್ಯಾಹ್ನ ಆತ ಇವರದೇ ಊಟದ ಮೇಜಿನಲ್ಲಿ ಆಡಿಸುತ್ತಿದ್ದ ಒಂದು ಆಟ.

ಆ ಆಟದಲ್ಲಿ ಒಬ್ಬ ಕಥೆ ಹೇಳುತ್ತಾನೆ. ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗುತ್ತಾರೆ. ಕತ್ತಿ ಬೀಸುತ್ತೇನೆ ಎಂದವರು ಇಪ್ಪತ್ತು ಮುಖದ ದಾಳವನ್ನು ಉರುಳಿಸಬೇಕು. ದೊಡ್ಡ ಅಂಕಿ ಬಿದ್ದರೆ ಏಟು ತಗುಲಿತು, ಸಣ್ಣದು ಬಿದ್ದರೆ ಗಾಳಿಗೆ ಹೋಯಿತು. ಕಥೆ ಹೇಳುವವನು ಮಾತ್ರ ಎದುರಿಗೊಂದು ರಟ್ಟಿನ ಪರದೆ ನಿಲ್ಲಿಸಿಕೊಂಡು, ಅದರ ಹಿಂದೆ ತನ್ನ ಟಿಪ್ಪಣಿಗಳನ್ನು ಮರೆಮಾಡಿ, ಶತ್ರುಗಳ ಪರವಾಗಿ ಅಲ್ಲೇ ದಾಳ ಹಾಕುತ್ತಾನೆ. ಪಕ್ಕದ ಕೋಣೆಯಲ್ಲಿ ಪತ್ರಿಕೆ ಹಿಡಿದು ಕಿವಿಯನ್ನು ಗೋಡೆಗೆ ಒತ್ತೆ ಇಟ್ಟಿದ್ದ ಪರೀಕ್ಷಕರಿಗೆ ಕೇಳಿಸಿದ್ದೇನು? ಊರು ಸುಟ್ಟ ರಾಕ್ಷಸನಿಗೂ ಒಂದು ದುಃಖವಂತೆ! ದಾರಿಗಳ್ಳನಿಗೂ ಒಂದು ನ್ಯಾಯವಂತೆ! ಸಿಂಹಾಸನದ ಮೇಲೆ ಕೂತ ಅರಸನೇ ಮೋಸಗಾರನಂತೆ! ದುಷ್ಟರ ಪರವಾಗಿ ಇಷ್ಟು ಸೊಗಸಾಗಿ ವಕಾಲತ್ತು ವಹಿಸುವವನಿಗೆ ಆ ಮಾತುಗಳು ಬರುವುದಾದರೂ ಎಲ್ಲಿಂದ? ಒಳಗಿನಿಂದಲೇ ತಾನೆ?

ಆದ್ದರಿಂದಲೇ ಆ ಭಾನುವಾರ ಅವರು ಸ್ವತಃ ಆಟಕ್ಕಿಳಿದರು. ಬಿಳಿಯ ಕವಚ, ಎರಡಲುಗಿನ ಕತ್ತಿ, ಧರ್ಮಕೇಸರಿ ಎಂಬ ಬಿರುದು. ಮಗಳು ಬಿಲ್ಲುಗಾರ್ತಿ. ಗಂಡನನ್ನು ಒಬ್ಬರನ್ನೇ ಬಿಟ್ಟರೆ ಜಗಳ ತೆಗೆಯುತ್ತಾರೆಂದು ಪತ್ನಿಯೂ ಸೇರಿ, ಕಳ್ಳಿಯ ಪಾತ್ರವನ್ನು ಅನುಮಾನ ಬರುವಷ್ಟು ಉತ್ಸಾಹದಿಂದ ಆರಿಸಿಕೊಂಡರು.

ಕಥೆ ಇಷ್ಟು: ಬೆಟ್ಟದ ಪಟ್ಟಣವೊಂದರಲ್ಲಿ ಮಕ್ಕಳು ಕಾಣೆಯಾಗುತ್ತಿದ್ದಾರೆ. ಹಳೆಯ ಗಿರಣಿಯ ಮಾಟಗಾತಿಯೇ ಅವರನ್ನು ಕದ್ದವಳು, ಅವಳನ್ನು ಕೊಂದು ಬನ್ನಿ ಎಂದು ಅಲ್ಲಿನ ದಳಪತಿ ವೀರರನ್ನು ಕಳುಹಿಸುತ್ತಾನೆ.

ಧರ್ಮಕೇಸರಿ ನೇರವಾಗಿ ಗಿರಣಿಗೆ ಹೋಗಲಿಲ್ಲ. ಮೊದಲು ಛತ್ರದ ಯಜಮಾನನ ಪರವಾನಗಿ ಕೇಳಿದರು. ಆತ ತಡವರಿಸಿದ, ಕಂಬಕ್ಕೆ ಕಟ್ಟಿದರು. ಬಿಡಿಸಲು ಬಂದ ಕಮ್ಮಾರನನ್ನು ಅವನ ಪಕ್ಕಕ್ಕೇ ಕಟ್ಟಿದರು. ಹಾಲು ಮಾರುವವಳು ಕಾರಣವಿಲ್ಲದೆ ನಕ್ಕಳೆಂದು ಅವಳ ಕ್ಯಾನುಗಳನ್ನು ಜಪ್ತಿ ಮಾಡಿದರು. ಊರಿನ ವೈದ್ಯನನ್ನು ಸೆರೆಮನೆಗೆ ತಳ್ಳಿದ ಮೇಲೆ, ಗಾಯಕ್ಕೆ ಮದ್ದು ಕೇಳಿಕೊಂಡು ಅಲ್ಲಿಗೇ, ಅವನ ಬಳಿಗೇ ಹೋದರು. ಸಹವೀರರ ಜೋಳಿಗೆಗಳನ್ನೂ ಸುರಿದು ನೋಡಿದರು. ಕಳ್ಳಿಯ ಜೋಳಿಗೆಯಲ್ಲಿ ಅವರದೇ ಕವಚದ ಗುಂಡಿಗಳು ಸಿಕ್ಕವು. ಒಂದೂವರೆ ಗಂಟೆಯಲ್ಲಿ ಆ ಪಟ್ಟಣದಲ್ಲಿ ಕಟ್ಟಿಹಾಕದೆ ಉಳಿದವರೆಂದರೆ ದಳಪತಿ ಮತ್ತು ಒಂದು ಕತ್ತೆ. ದಳಪತಿಯನ್ನು ಏಕೆ ಬಿಟ್ಟಿರಿ ಎಂದು ಮಗಳು ಕೇಳಿದ್ದಕ್ಕೆ, ಆತನ ಮೈಮೇಲೆ ಸಮವಸ್ತ್ರವಿದೆಯಲ್ಲ ಎಂದರು.

ಕಡೆಗೆ ಗಿರಣಿಯ ಬಾಗಿಲು. ಬೀಗದವನು ಸ್ವರ ತಗ್ಗಿಸಿ ಮಾಟಗಾತಿಯಾದ. “ಒಳಗೆ ಬಾರಪ್ಪ ವೀರ. ಕೊಲ್ಲೋಕೆ ಮುಂಚೆ ನನ್ನ ಮಾತು ಒಂದು ಕೇಳು.”

“ಟಿಕೆಟ್ ಇದ್ದವನು ಕಥೆ ಹೇಳಲ್ಲ” ಎಂದು ಧರ್ಮಕೇಸರಿ ಕತ್ತಿ ಹಿರಿದರು.

ಅಷ್ಟರಲ್ಲಿ ಬೀಗದವನ ಫೋನು ಬಡಿದುಕೊಂಡಿತು. ಎರಡು ಬೀದಿಯಾಚೆ ಅಜ್ಜಿಯೊಬ್ಬರು ಕೀಲಿಯನ್ನು ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡಿದ್ದರು, ಒಲೆ ಉರಿಯುತ್ತಿತ್ತು. ಆತ ಚೀಲ ಎತ್ತಿಕೊಂಡು ಓಡಿದ. ಮಗಳು ಹಿಂದೆಯೇ ಓಡಿದಳು. ಪತ್ನಿ ಚಹಾಕ್ಕೆ ನೀರಿಡಲು ಎದ್ದರು. ಮೇಜಿನ ಬಳಿ ಉಳಿದದ್ದು ಇಬ್ಬರೇ: ಪರೀಕ್ಷಕರು ಮತ್ತು ರಟ್ಟಿನ ಪರದೆ.

ಪ್ರಿಯ ಓದುಗರೇ, ನಮ್ಮನ್ನು ಶೋಧಿಸಲು ಭಗವಂತನು ಸಿಡಿಲು, ಪ್ರಳಯಗಳನ್ನೇ ಕಳುಹಿಸುತ್ತಾನೆಂದು ನಾವು ಭಾವಿಸುತ್ತೇವೆ. ಎಷ್ಟೋ ಸಲ ಒಂದು ಅಡಿ ಎತ್ತರದ ರಟ್ಟು ಸಾಕಾಗುತ್ತದೆ.

ಇದು ಇಣುಕುವುದಲ್ಲ, ತಪಾಸಣೆ ಎಂದು ಅವರು ತಮಗೆ ತಾವೇ ಆದೇಶ ಹೊರಡಿಸಿಕೊಂಡು ಪರದೆಯ ಆಚೆಗೆ ಹೋದರು. ಮೊದಲ ಹಾಳೆಯಲ್ಲಿ ಹೀಗಿತ್ತು: ‘ದಳಪತಿ ಮಕ್ಕಳನ್ನು ಗಣಿಗೆ ಇಳಿಸುತ್ತಿದ್ದಾನೆ. ಮಾಟಗಾತಿ ಅವರನ್ನು ಬಿಡಿಸಿ ಗಿರಣಿಯಲ್ಲಿ ಅಡಗಿಸಿದ್ದಾಳೆ. ಅದಕ್ಕಾಗಿ ಇಬ್ಬರು ಕಾವಲುಗಾರರಿಗೆ ವಿಷ ಹಾಕಿದ್ದಾಳೆ. ಅವಳು ಒಳ್ಳೆಯವಳೋ ಕೆಟ್ಟವಳೋ, ಆಡುವವರೇ ಹೇಳಲಿ.’

ಎರಡನೆಯ ಹಾಳೆಯಲ್ಲಿದ್ದದ್ದು ಧರ್ಮಕೇಸರಿಯದೇ ಲೆಕ್ಕ. ‘ಕಮ್ಮಾರನ ಸುತ್ತಿಗೆ: ಬಿದ್ದದ್ದು ಹತ್ತೊಂಬತ್ತು, ಹೇಳಿದ್ದು ನಾಲ್ಕು. ವೈದ್ಯನ ನಾಯಿ: ಬಿದ್ದದ್ದು ಇಪ್ಪತ್ತು, ಹೇಳಿದ್ದು ಎರಡು.’ ದಾಳದ ಪ್ರಕಾರ ಧರ್ಮಕೇಸರಿ ಆ ಹೊತ್ತಿಗೆ ಮೂರು ಬಾರಿ ಸತ್ತಿರಬೇಕಿತ್ತು. ಅದರಲ್ಲಿ ಒಮ್ಮೆ ನಾಯಿಯ ಬಾಯಿಗೆ ಸಿಕ್ಕಿ. ಕೊನೆಯ ಸಾಲು: ‘ಏನೇ ಬಿದ್ದರೂ ಇವರನ್ನು ಸಾಯಿಸಬಾರದು. ಇನ್ನೂ ಒಪ್ಪಿಗೆ ಕೊಟ್ಟಿಲ್ಲ.’

ಸಿಕ್ಕಿಬಿದ್ದ! ಸುಳ್ಳು ಲೆಕ್ಕ! ಅದೂ ಒಪ್ಪಿಗೆಗಾಗಿ ಕೊಟ್ಟ ಲಂಚ! ಐದು ತಿಂಗಳ ಅನುಮಾನಕ್ಕೆ ಲಿಖಿತ ಸಾಕ್ಷಿ ಕೈಯಲ್ಲೇ ಇತ್ತು. ಪರೀಕ್ಷಕರು ವಿಜಯದ ನಗೆ ಬೀರಿ, ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ತಮ್ಮ ಕುರ್ಚಿಗೆ ಮರಳಿದರು. ಕೂತ ಮೇಲೆ ಹೊಳೆಯಿತು: ಆತ ಮೋಸ ಮಾಡಿದ್ದಾನೆ ಎಂದು ಹೇಳಬೇಕಾದರೆ ತಮಗದು ಹೇಗೆ ಗೊತ್ತಾಯಿತೆಂದೂ ಹೇಳಬೇಕು. ಹಿಡಿದ ಕಳ್ಳನನ್ನು ತೋರಿಸಲು ತಾವು ಹಾರಿದ ಗೋಡೆಯನ್ನೂ ತೋರಿಸಬೇಕು. ನಗೆ ಅರ್ಧದಲ್ಲೇ ನಿಂತುಹೋಯಿತು.

ಅರ್ಧ ಗಂಟೆಯ ಮೇಲೆ ಇಬ್ಬರೂ ಮರಳಿದರು. ಅಜ್ಜಿ ಕ್ಷೇಮ, ಪಲ್ಯ ಮಾತ್ರ ಸೀದಿತ್ತು. ಬೀಗದವನು ಪರದೆಯ ಹಿಂದೆ ಕೂತು, ಹಾಳೆಯ ಕಡೆ ಒಂದು ಗಳಿಗೆ ನೋಡಿ, ತಲೆಯೆತ್ತಿ ಶಾಂತವಾಗಿ ನೆನಪಿಸಿದ: “ಸರ್, ಕತ್ತಿ ಹಿರಿದಿದ್ರಿ.”

ಧರ್ಮಕೇಸರಿ ಗಂಟಲು ಸರಿಪಡಿಸಿಕೊಂಡು ಕತ್ತಿಯನ್ನು ಒರೆಗೆ ಸೇರಿಸಿದರು. “ಹೇಳಮ್ಮ, ನಿನ್ನ ಮಾತು ಏನಿದೆಯೋ ಹೇಳು. ಕೂತು ಕೇಳ್ತೀನಿ.”

ಮಗಳು ಬೆರಗಾಗಿ ಅಪ್ಪನನ್ನೇ ನೋಡಿದಳು. ಅವಳ ಕಣ್ಣು ತುಂಬಿತು. “ಅಪ್ಪ, ನೀವು ಒಬ್ಬರ ಕಥೇನ ಕೂತು ಕೇಳ್ತೀನಿ ಅಂದಿದ್ದನ್ನ ನಾನು ಇದೇ ಮೊದಲು ನೋಡ್ತಿರೋದು” ಎಂದಳು. ಆ ಮೆಚ್ಚುಗೆ ಅವರ ಬೆನ್ನ ಮೇಲೆ ಚಾಟಿಯಂತೆ ಬಿತ್ತು. ಮಾಟಗಾತಿಯಂತೂ ಕಥೆಯನ್ನೆಲ್ಲ ಹೇಳಿ ಮುಗಿಸಿ, ಪೂರ್ವಗ್ರಹವಿಲ್ಲದೆ ಬಂದ ಮೊದಲ ವೀರ ನೀನೇ ಎಂದು ಕೈಮುಗಿದಳು. ಪರೀಕ್ಷಕರಿಗೆ ಕುರ್ಚಿಯಲ್ಲಿ ಮುಳ್ಳು ಎದ್ದಂತಾಯಿತು. ಈ ಹುಡುಗ ನಿಜಕ್ಕೂ ಹೊಗಳುತ್ತಿದ್ದಾನೋ, ಗಾಯಕ್ಕೆ ಉಪ್ಪು ಸವರುತ್ತಿದ್ದಾನೋ?

ಆಗ ದಳಪತಿ ಸೈನ್ಯದೊಡನೆ ಗಿರಣಿಗೆ ನುಗ್ಗಿದ. ಧರ್ಮಕೇಸರಿ ಮಕ್ಕಳಿಗೆ ಅಡ್ಡ ನಿಂತರು. ದಳಪತಿ ಈಟಿ ಎಸೆದ. ಪರದೆಯ ಹಿಂದೆ ದಾಳ ಉರುಳಿ ನಿಂತಿತು. ಬೀಗದವನು ಬಾಯಿ ತೆರೆಯುವ ಮೊದಲೇ ಪರೀಕ್ಷಕರ ಬಾಯಿಂದ ಮಾತು ಜಾರಿತು:

“ಬಿದ್ದದ್ದನ್ನೇ ಹೇಳಪ್ಪ.”

“ಇಪ್ಪತ್ತು, ಸರ್” ಎಂದ ಬೀಗದವನು. ಧರ್ಮಕೇಸರಿ ಮಕ್ಕಳ ಕಾಲಬಳಿ ಬಿದ್ದು ಪ್ರಾಣಬಿಟ್ಟರು. ಕಳ್ಳಿ ಕಣ್ಣೊರೆಸಿಕೊಂಡು ಉಳಿದ ಗುಂಡಿಗಳನ್ನೂ ಬಿಚ್ಚಿಕೊಂಡಳು.

ಆಟ ಮುಗಿದು ಪರದೆ ಮಡಿಸುವಾಗ ಮಗಳ ಕಣ್ಣು ಎರಡನೆಯ ಹಾಳೆಯ ಮೇಲೆ ಬಿತ್ತು. ‘ಇನ್ನೂ ಒಪ್ಪಿಗೆ ಕೊಟ್ಟಿಲ್ಲ’ ಎಂಬ ಸಾಲಿನ ನೇರ ಕೆಳಗೆ, ಕೆಂಪು ಶಾಯಿಯಲ್ಲಿ, ಒಂದು ಸರಿ ಗುರುತು. ಚುಟುಕು ಸಹಿ. ಆ ದಿನದ ತಾರೀಖು.

“ಇದೇನು, ಅಪ್ಪನ ಸಹಿ ಇಲ್ಲಿ?”

ಪರೀಕ್ಷಕರ ಕೈ ಜೇಬಿನ ಕೆಂಪು ಪೆನ್ನನ್ನು ಮುಚ್ಚಿಕೊಂಡಿತು. ಬೀಗದವನು ಅವರನ್ನೊಮ್ಮೆ ನೋಡಿ, ಎಲ್ಲ ಬೀಗಗಳನ್ನೂ ತೆರೆಯುವ ಅದೇ ನಯವಾದ ದನಿಯಲ್ಲಿ ಹೇಳಿದ: “ಸರ್ ಒಪ್ಪಿಗೆ ಕೊಟ್ಟಿದ್ದಾರೆ. ಬರವಣಿಗೆಯಲ್ಲೇ.”

ಅದು ಕಾಪಾಡಲು ಚಾಚಿದ ಕೈಯೋ, ಕುತ್ತಿಗೆಗೆ ಬಿದ್ದ ಕೈಯೋ? ಪರೀಕ್ಷಕರಿಗೆ ಇಂದಿಗೂ ಆ ಅನುಮಾನ ಬಗೆಹರಿದಿಲ್ಲ. ಅಂದು ಮಾತ್ರ ಅವರು ತೊದಲುತ್ತ ಶುರು ಮಾಡಿದರು: “ಅದು ಏನಾಯ್ತು ಅಂದ್ರೆ... ಕಿಟಕಿ ತೆಗೆದಿತ್ತು... ಗಾಳಿ ಬಂತು, ಹಾಳೆ ಹಾರಿತು, ಹಿಡಿಯೋಣ ಅಂತ ನಾನು ಎದ್ದೆ, ಕೈಯಲ್ಲಿ ಪೆನ್ನಿತ್ತು...”

ಪತ್ನಿ ಚಹಾದ ಲೋಟವನ್ನು ಅವರ ಮುಂದಿಟ್ಟು, ಮೇಜಿನ ಬಟ್ಟೆಯ ಸುಕ್ಕು ಸರಿಪಡಿಸುತ್ತ ಹೇಳಿದರು:

“ಟಿಕೆಟ್ ಇದ್ದವರು ಕಥೆ ಹೇಳಲ್ಲ ರೀ.”